ಪಕ್ಕೆಲುಬಿನ ಕೆಳಗೆ ಸಿಗುವುದು ತಲೆಯೋ, ಕುಂಡೆಯೋ?

ಪ್ರಶ್ನೆ: ನನಗೀಗ 35 ವಾರ. ಬಲಗಡೆ ಪಕ್ಕೆಲುಬಿನ ಕೆಳಗೆ ದುಂಡಗೆ ಏನೋ ಉಬ್ಬಿಕೊಂಡಿರುತ್ತದೆ. ಮಗುವಿನ ತಲೆಯೇ ಮೇಲಿದೆಯೇನೋ ಎಂಬ ಭಯ. ನಾನೇ ಮುಟ್ಟಿ ತಿಳಿದುಕೊಳ್ಳಬಹುದೇ?

ಉತ್ತರ: ತಕ್ಕಮಟ್ಟಿಗೆ ತಿಳಿದುಕೊಳ್ಳಬಹುದು. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರಕೋಶ ತುಂಬಿದ್ದರೆ ಕಿಬ್ಬೊಟ್ಟೆಯಲ್ಲಿ ಯಾವುದೂ ಸರಿಯಾಗಿ ಕೈಗೆ ಸಿಗದು. ತಲೆ ಮತ್ತು ಭುಜಕ್ಕೆ ದಿಂಬು ಕೊಟ್ಟು ಒರಗಿ, ಮಂಡಿ ಮಡಿಸಿ. ಆಗ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಹೊಟ್ಟೆ ಬಿಗಿಹಿಡಿದಿದ್ದರೆ ಅದು ಬಿಡುವವರೆಗೆ ಕಾಯಿರಿ. ತಲೆ ಸುತ್ತಿದರೆ ತಕ್ಷಣ ಎಡಮಗ್ಗುಲಿಗೆ ಹೊರಳಿ. ಗರ್ಭಕೋಶದ ಭಾರ ಬೆನ್ನ ಬಳಿಯ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ಹಾಗಾಗುತ್ತದೆ.

ಈಗ ಆ ಉಬ್ಬಿನ ಎರಡೂ ಬದಿಗೆ ಬೆರಳುಗಳ ಮೆತ್ತನೆಯ ಭಾಗವನ್ನಿಟ್ಟು ಮೆಲ್ಲಗೆ ಅತ್ತಿತ್ತ ತಳ್ಳಿ. ಚುಚ್ಚಬೇಡಿ. ತಲೆಯಾದರೆ ಗಟ್ಟಿ, ನುಣುಪು. ಕೆಳಗೆ ಕತ್ತು ಇರುವುದರಿಂದ ಅದೊಂದೇ ಅಲುಗಿ ಇನ್ನೊಂದು ಕೈಗೆ ತಾಗುತ್ತದೆ. ಕುಂಡೆಯಾದರೆ ಅಷ್ಟು ಗಟ್ಟಿಯಿಲ್ಲ, ಅಂಚೂ ಸ್ಪಷ್ಟವಿಲ್ಲ. ತಳ್ಳಿದರೆ ಇಡೀ ಮೈ ಜೊತೆಗೇ ಜರುಗುತ್ತದೆ. ಒದೆತಕ್ಕಿಂತ, ಹೊಟ್ಟೆಯ ಆಕಾರಕ್ಕಿಂತ ಈ ಗುರುತನ್ನೇ ಹೆಚ್ಚು ನಂಬಬಹುದು. ಪಕ್ಕೆಲುಬಿನ ಕೆಳಗಿನ ಉಬ್ಬು ಬಹಳಷ್ಟು ಸಲ ಕುಂಡೆಯೇ ಆಗಿರುತ್ತದೆ.

ಬೆನ್ನು ಎಲ್ಲಿದೆ ಎಂದು ನೋಡಲು ಒಂದು ಕೈಯನ್ನು ಹೊಟ್ಟೆಯ ಬದಿಗೆ ಅಲುಗದಂತೆ ಒತ್ತಿಟ್ಟು, ಇನ್ನೊಂದು ಕೈಯಿಂದ ಎದುರು ಬದಿಯನ್ನು ತಡವಿ. ಹಲಗೆಯಂತೆ ಉದ್ದಕ್ಕೆ ಒಂದೇ ಸಮ ಸಿಕ್ಕರೆ ಅದು ಬೆನ್ನು. ಸಣ್ಣ ಸಣ್ಣ ಗಂಟುಗಳು ಸಿಕ್ಕಿ ಜಾರಿಕೊಂಡರೆ ಕೈಕಾಲು. ಜೋರಾದ ಒದೆತ ಹೊಕ್ಕುಳ ಮೇಲೆ, ತಾಳಬದ್ಧವಾದ ಬಿಕ್ಕಳಿಕೆ ಕೆಳಗೆ ಆಗುತ್ತಿದ್ದರೆ ತಲೆ ಕೆಳಗಿರುವ ಸಾಧ್ಯತೆ ಹೆಚ್ಚು. ಆದರೂ ಕೊನೆಯ ಮಾತು ಸ್ಕ್ಯಾನಿನದೇ. ಮುಟ್ಟಿ ನೋಡುವುದರಲ್ಲಿ ನುರಿತವರೂ ಒಮ್ಮೊಮ್ಮೆ ತಪ್ಪುತ್ತಾರೆ.

ಪ್ರಶ್ನೆ: ತಲೆ ಕೆಳಗಿದೆ ಎಂದಿದ್ದಾರೆ. ಆದರೆ ಒದೆತವೆಲ್ಲ ಹೊಟ್ಟೆಯ ಮುಂಭಾಗಕ್ಕೇ, ಹೊಕ್ಕುಳ ಸುತ್ತ ತಗ್ಗು ಬಿದ್ದಿದೆ. ಏಕೆ?

ಉತ್ತರ: ಮಗುವಿನ ಬೆನ್ನು ನಿಮ್ಮ ಬೆನ್ನಿನ ಕಡೆಗೆ, ಕೈಕಾಲು ಮುಂದಕ್ಕೆ ಇರಬೇಕು. ಇಂಥ ಮಕ್ಕಳಲ್ಲಿ ಹೆಚ್ಚಿನವು ಹೆರಿಗೆ ನೋವಿನ ಹೊತ್ತಿಗೆ ತಾವೇ ತಿರುಗುತ್ತವೆ. ಅಂಬೆಗಾಲಿನ ಭಂಗಿ ಬೆನ್ನುನೋವನ್ನು ಇಳಿಸೀತು, ಮಗುವನ್ನು ತಿರುಗಿಸುತ್ತದೆ ಎನ್ನಲು ಪುರಾವೆಯಿಲ್ಲ. ಇದಕ್ಕೆ ಉಲ್ಟಾ, ಮುಂದೆ ಒದೆತವೇ ಗೊತ್ತಾಗದವರು ಸ್ಕ್ಯಾನ್ ವರದಿಯಲ್ಲಿ 'ಆಂಟೀರಿಯರ್ ಪ್ಲಾಸೆಂಟಾ' ಎಂದಿದೆಯೇ ನೋಡಿ. ಮಾಸು ಮುಂಗೋಡೆಗೆ ಅಂಟಿದ್ದರೆ ಅದು ದಿಂಬಿನಂತೆ ಒದೆತವನ್ನು ಹೀರಿಕೊಳ್ಳುತ್ತದೆ.

ಪ್ರಶ್ನೆ: 36 ವಾರಕ್ಕೂ ಮಗು ತಿರುಗಿಲ್ಲ. ಇನ್ನು ಸಿಸೇರಿಯನ್ನೇ ಗತಿಯೇ?

ಉತ್ತರ: ಹಾಗೇನಿಲ್ಲ. 28ನೇ ವಾರದಲ್ಲಿ ನಾಲ್ಕೈದರಲ್ಲಿ ಒಂದು ಮಗು ಕುಂಡೆ ಕೆಳಗಾಗಿರುತ್ತದೆ. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರೋ ನಾಲ್ಕೋ. ತಿರುಗದಿದ್ದರೆ ವೈದ್ಯರು ಹೊರಗಿನಿಂದ ಹೊಟ್ಟೆಯನ್ನು ಒತ್ತಿ ತಿರುಗಿಸಲು ನೋಡಬಹುದು. ಸುಮಾರು ಅರ್ಧದಷ್ಟು ಸಲ ಇದು ಫಲಿಸುತ್ತದೆ. ಮಾಸು ತೀರಾ ಕೆಳಗಿದ್ದರೆ ಅಥವಾ ನೀರು ಹೋಗಿದ್ದರೆ ಮಾಡುವುದಿಲ್ಲ. ಮಗುವಿನ ಎದೆಬಡಿತ ನೋಡುತ್ತ, ಬೇಕಾದರೆ ತಕ್ಷಣ ಸಿಸೇರಿಯನ್ ಮಾಡಬಲ್ಲ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸವಿದು. ಮನೆಯಲ್ಲಿ ಯಾರಿಂದಲೂ ಹೊಟ್ಟೆ ಒತ್ತಿಸಿಕೊಳ್ಳಬೇಡಿ, ಮಾಸು ಬಿಟ್ಟುಕೊಂಡು ರಕ್ತಸ್ರಾವವಾದೀತು.

ಮಗು ಅಡ್ಡ ಮಲಗಿದ್ದು ನೀರು ಒಡೆದರೆ ನೋವಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಿ. ದಾರಿ ಮುಚ್ಚುವ ತಲೆಯಿಲ್ಲದ ಕಾರಣ ಹೊಕ್ಕುಳಬಳ್ಳಿ ಕೆಳಗೆ ಜಾರಬಹುದು. ಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಲು ಹೋಗಬೇಡಿ. ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಎತ್ತಿಹಿಡಿದು ಆಂಬುಲೆನ್ಸ್ ಕರೆಸಿ.

ಪ್ರಶ್ನೆ: ತಲೆ ಇಳಿದ ಮೇಲೆ ಮಗುವಿನ ಅಲುಗಾಟ ಕಡಿಮೆಯಾಗುವುದು ಸಹಜವೇ?

ಉತ್ತರ: ಅಲ್ಲ. ಜಾಗ ಕಿರಿದಾಗಿ ಒದೆತದ ಬದಲು ಹೊರಳಾಟ ಹೆಚ್ಚಬಹುದು, ಆದರೆ ಅಲುಗಾಟ ಕಡಿಮೆಯಾಗಬಾರದು. ಕಡಿಮೆಯಾಗಿದೆ ಅನ್ನಿಸಿದರೆ ರಾತ್ರಿಯಾಗಿದ್ದರೂ ಆಗಲೇ ಆಸ್ಪತ್ರೆಗೆ ಹೋಗಿ ತೋರಿಸಿ, ಬೆಳಗಾಗಲಿ ಎಂದು ಕಾಯಬೇಡಿ.