ಕೊಲಿಸ್ಟಿನ್‌ಗೆ ಬಗ್ಗದ ಸ್ಯೂಡೋಮೊನಾಸ್ ಮತ್ತು ಬೋರಿನ ನೀರು

ನಿಮ್ಮ ಪ್ರಯೋಗದಲ್ಲಿ ಜನವರಿಯಲ್ಲಿ 1 ಬಂದಿದ್ದ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಏಪ್ರಿಲ್‌ನಲ್ಲಿ 8 ಬಂದಿದೆ. ಅದೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ, ಅದೇ ಕೊಲಿಸ್ಟಿನ್ ಔಷಧ. ರೆಸಿಸ್ಟೆನ್ಸ್, ಅಂದರೆ ಔಷಧಕ್ಕೆ ಬಗ್ಗದ ಗುಣ, ಬೆಳೆದಿದೆ ಅಂತ ಪೇಪರ್ ಬರೆಯಲಾ, ಇಲ್ಲ ಕೋಶಪೊರೆಯ ವಿಷಯವನ್ನೇ ಬಿಟ್ಟು ಬೇರೆ ಹಿಡಿಯಲಾ ಅಂತ ಕೇಳಿದ್ದೀರಿ. ಎಂ.ಎಸ್ಸಿ ಎರಡನೇ ವರ್ಷ, ಧಾರವಾಡ ಅಂತಲೂ ಬರೆದಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಮೊದಲು ನಿಮ್ಮ ಲ್ಯಾಬಿಗೆ ನೀರು ಎಲ್ಲಿಂದ ಬರುತ್ತಿದೆ ನೋಡಿ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಂಕಿಗಳನ್ನು ಬಿಟ್ಟರೆ ಇದು ನಾನೇ ಬರೆದ ಹಾಗಿದೆ.

ನಾನೂ ಧಾರವಾಡದಲ್ಲೇ ಓದಿದವಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಿಂದ ಬಂದ 14 ಸ್ಯೂಡೋಮೊನಾಸ್ ತಳಿಗಳು ನನ್ನ ಡಿಸರ್ಟೇಷನ್ನಿಗೆ ಸಿಕ್ಕಿದ್ದವು. ಐದನ್ನು ಜನವರಿಯಲ್ಲಿ ನೋಡಿದೆ. ಐದೂ ಕೊಲಿಸ್ಟಿನ್ನಿಗೆ 2ರ ಒಳಗೇ ಸತ್ತವು. ಉಳಿದ ಒಂಬತ್ತನ್ನು ಏಪ್ರಿಲ್‌ನಲ್ಲಿ ನೋಡಿದೆ. ಏಳು ತಳಿಗಳಿಗೆ 8 ಅಥವಾ ಅದಕ್ಕಿಂತ ಜಾಸ್ತಿ ಬಂತು. 4 ಮುಟ್ಟಿದರೇ ರೆಸಿಸ್ಟೆಂಟ್ ಅನ್ನುತ್ತಾರೆ, ನಿಮಗೆ ಗೊತ್ತಿದೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಏನೋ ದೊಡ್ಡದು ಸಿಕ್ಕಿತು ಅಂತ ಖುಷಿ, ಆಸ್ಪತ್ರೆಯಲ್ಲಿ ಇಂಥದ್ದು ಹರಡಿದೆಯಲ್ಲ ಅಂತ ಭಯ, ಎರಡೂ ಇತ್ತು.

ಭಯಕ್ಕೆ ಕಾರಣ ಇತ್ತು. ಕೊಲಿಸ್ಟಿನ್ 1940ರ ದಶಕದ ಹಳೆಯ ಔಷಧ. ಕಿಡ್ನಿಗೆ ಹೊಡೆತ ಅಂತ 1970ರ ದಶಕದಲ್ಲಿ ಅದನ್ನು ಬಹುತೇಕ ಪಕ್ಕಕ್ಕಿಟ್ಟಿದ್ದರು. ಕಾರ್ಬಪೆನೆಮ್‌ನಂಥ ಪ್ರಬಲ ಔಷಧಗಳೂ ಕೆಲಸ ಮಾಡದ ಬ್ಯಾಕ್ಟೀರಿಯಾ ಬಂದ ಮೇಲೆ ಮತ್ತೆ ಅದನ್ನೇ ಕೈಗೆತ್ತಿಕೊಂಡರು. ಬೇರೆ ಏನೂ ಉಳಿದಿಲ್ಲ ಅನ್ನುವಾಗ ಕೊಡುವ ಔಷಧ ಅದು. 2015ರಲ್ಲಿ ಚೀನಾದಲ್ಲಿ ಎಂಸಿಆರ್-1 ಅನ್ನುವ ಜೀನ್ ಸಿಕ್ಕಿತು. ಕೊಲಿಸ್ಟಿನ್ನಿಗೆ ಬಗ್ಗದ ಗುಣವನ್ನು ಅದು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್ಎ ಉಂಗುರದ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸುತ್ತದೆ. 2019ರಲ್ಲಿ ಭಾರತ ಸರ್ಕಾರ ಕೋಳಿ, ದನಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಇಷ್ಟೆಲ್ಲ ಓದಿಕೊಂಡಿದ್ದವಳಿಗೆ 8 ಅನ್ನುವ ಅಂಕಿ ಕಣ್ಣೆದುರು ಬಂದರೆ ಏನಾಗಬೇಕು ಹೇಳಿ.

ವಿಭಾಗದ ಸೆಮಿನಾರಿನಲ್ಲಿ ಹೇಳಿದೆ. ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆ, ಒಪ್ಪಿದರು. ನಮ್ಮ ಸರ್ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದರು. ಅವರು ಕೇಳಿದ್ದು ಒಂದೇ ಮಾತು: "ಹಾಗಾದ್ರ ಐಸಿಯುದಾಗ ಇನ್ನ ಮ್ಯಾಲೆ ಕೊಲಿಸ್ಟಿನ್ ನಂಬಬಾರದೇನ್ರಿ?"

ಸಮ್ಮೇಳನಕ್ಕೆ ಹತ್ತು ದಿನ ಇರುವಾಗ ಬೇರೆ ಊರಿನಿಂದ ಒಬ್ಬ ಮೇಡಂ ಪರೀಕ್ಷೆಗೆ ಬಂದಿದ್ದರು. ನನ್ನ ಪುಸ್ತಕ ತಿರುವಿ ಹಾಕಿ, "ಏಪ್ರಿಲ್‌ನಲ್ಲಿ 27853 ತಳಿ ಎಷ್ಟು ಕೊಟ್ಟಿತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಒಂದು ವರ್ಷ ಹೋಗಿದ್ದು ಇದರಿಂದಲೇ. ಸಾಲುಸಾಲು ಗುಳಿಗಳಿರುವ ನನ್ನ ಪ್ರತಿ ಪ್ಲೇಟಿನಲ್ಲೂ ಎರಡು ಕಂಟ್ರೋಲ್, ಅಂದರೆ ಹೋಲಿಕೆಗೆ ಇಟ್ಟ ಗುಳಿಗಳು, ಇರುತ್ತಿದ್ದವು. ಔಷಧ ಹಾಕದೆ ಬ್ಯಾಕ್ಟೀರಿಯಾ ಮಾತ್ರ ಇರುವ ಗುಳಿ ಒಂದು, ಏನೂ ಹಾಕದ ಬರೀ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಇನ್ನೊಂದು. ಮೊದಲನೆಯದು ಚೆನ್ನಾಗಿ ಬೆಳೆದಿತ್ತು. ಎರಡನೆಯದು ತಿಳಿಯಾಗಿಯೇ ಇತ್ತು. ಪ್ಲೇಟ್ ಸರಿ ಇದೆ ಅಂತ ನಾನು ನಂಬಿದೆ. ಆದರೆ ಮೊದಲನೆಯದು ಹೇಳುವುದು ಬ್ಯಾಕ್ಟೀರಿಯಾ ಜೀವಂತ ಇದೆ ಅಂತ ಅಷ್ಟೆ. ಎರಡನೆಯದು ಹೇಳುವುದು ಬ್ರಾತ್ ಕೆಟ್ಟಿಲ್ಲ ಅಂತ ಅಷ್ಟೆ. ಈ ಔಷಧ ಈ ಬ್ರಾತಿನಲ್ಲಿ ಹೋದ ತಿಂಗಳಿನ ಹಾಗೇ ಕೆಲಸ ಮಾಡುತ್ತಿದೆಯಾ ಅನ್ನುವ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಅದನ್ನು ಕೇಳಲು ಉತ್ತರ ಮೊದಲೇ ಗೊತ್ತಿರುವ ತಳಿ ಬೇಕು. ಸ್ಯೂಡೋಮೊನಾಸ್‌ಗೆ ಆ ತಳಿ ಅಮೆರಿಕದ ಎಟಿಸಿಸಿ ಸಂಗ್ರಹದ 27853. ಕೊಲಿಸ್ಟಿನ್ನಿಗೆ ಅದರ ಎಂಐಸಿ ಮಿಲಿಲೀಟರಿಗೆ 0.5ರಿಂದ 4 ಮೈಕ್ರೊಗ್ರಾಂ ಒಳಗೆ ಬರಬೇಕು. ಹೊರಗೆ ಹೋದರೆ ಆ ದಿನದ ಇಡೀ ಪ್ಲೇಟ್ ಬಿಸಾಡಬೇಕು. ನಾನು ಅದನ್ನು ಜನವರಿಯಲ್ಲಿ ಒಂದೇ ಸಲ ಹಾಕಿದ್ದೆ. 1 ಬಂದಿತ್ತು. ಸಾಕು ಅಂದುಕೊಂಡೆ. ಕೊಲಿಸ್ಟಿನ್ ಪುಡಿ ತುಟ್ಟಿ, ಪ್ಲೇಟ್ ಕಡಿಮೆ, ಪ್ರತಿ ಸಲ ಒಂದು ಪೂರ್ತಿ ಸಾಲು ಕಂಟ್ರೋಲಿಗೆ ಕೊಟ್ಟರೆ ಒಂದು ತಳಿಯ ಜಾಗ ಹೋಗುತ್ತದೆ ಅನ್ನುವ ಲೆಕ್ಕ ನನ್ನದು. ಉಳಿಸಿದ್ದು ಒಂದು ಸಾಲು.

ಮಾರನೇ ದಿನ ಅದೇ ಬ್ರಾತಿನಲ್ಲಿ 27853 ಹಾಕಿದೆ. 8 ಬಂತು. ಕೊಲಿಸ್ಟಿನ್ನಿಗೆ ಎಂದೂ ರೆಸಿಸ್ಟೆಂಟ್ ಆಗಿರದ ತಳಿ ಅದು.

ಔಷಧ ಬದಲಿಸಿದೆ, ಪಿಪೆಟ್ ನೋಡಿದೆ. ಕೊನೆಗೆ ಲ್ಯಾಬಿನ ಅಟೆಂಡರ್ ಕಾಕಾ ಹತ್ತಿರ ನೀರಿನ ಬಗ್ಗೆ ಕೇಳಿದೆ. "ಯವ್ವಾ, ಡಿಸ್ಟಿಲ್ ಮಷಿನ್ನಿನ ಕಾಯಿಲ್ ಸುಟ್ಟು ತಿಂಗಳ ಮ್ಯಾಲಾತು. ನಳಾ ಎಂಟ ದಿನಕ್ಕೊಮ್ಮೆ ಬರತೈತಿ. ಬೋರಿನ ನೀರ ಕುದಿಸಿ, ಸೋಸಿ ಕ್ಯಾನಿಗೆ ತುಂಬೀನಿ. ಬೋರ್ಡಿನ ಮ್ಯಾಲೆ ಬರದೀನಲ್ಲ" ಅಂದರು. ಬರೆದಿದ್ದರು ನಿಜ. ನಾನು ಓದಿರಲಿಲ್ಲ.

ಕುದಿಸಿದರೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ಹೈಸ್ಕೂಲಿನಲ್ಲೇ ಓದಿದ್ದೇವೆ. ತಾತ್ಕಾಲಿಕ ಗಡಸುತನ ಹೋಗುತ್ತದೆ, ಶಾಶ್ವತ ಗಡಸುತನ ಉಳಿಯುತ್ತದೆ. ಬಿ.ಎಸ್ಸಿ ಪ್ರಾಕ್ಟಿಕಲ್ಲಿನ ಹಾಗೆ ಇಡಿಟಿಎ ಹಾಕಿ ಟೈಟ್ರೇಟ್ ಮಾಡಿ ಗಡಸುತನ ಅಳೆದೆ. ಕುದಿಸಿದ ಮೇಲೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 400 ಮಿಲಿಗ್ರಾಂ ಹತ್ತಿರ ಇತ್ತು. ಆ ಗಡಸುತನ ಅಷ್ಟೂ ಕ್ಯಾಲ್ಸಿಯಮ್ಮಿನದೇ ಅಂತ ಹಿಡಿದರೆ ಬರೀ ಕ್ಯಾಲ್ಸಿಯಂ 160 ಮಿಲಿಗ್ರಾಂ ಆಗುತ್ತದೆ. ಈ ಪರೀಕ್ಷೆಯ ಮುಲ್ಲರ್-ಹಿಂಟನ್ ಬ್ರಾತಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ 20ರಿಂದ 25, ಮೆಗ್ನೀಸಿಯಂ 10ರಿಂದ 12.5 ಮಿಲಿಗ್ರಾಂ ಮಾತ್ರ ಇರಬೇಕು ಅಂತ ನಿಯಮ ಇದೆ. ಆ ನಿಯಮ ಸುಮ್ನೆ ಹುಟ್ಟಿದ್ದಲ್ಲ.

ಈಗ ಪೊರೆಯ ವಿಷಯಕ್ಕೆ ಬರುತ್ತೇನೆ. ಸ್ಯೂಡೋಮೊನಾಸ್, ಇ. ಕೋಲಿ ಥರದ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ. ಹೊರಪೊರೆಯ ಹೊರಮೈ ತುಂಬ ಎಲ್‌ಪಿಎಸ್ ಅನ್ನುವ, ಕೊಬ್ಬು ಮತ್ತು ಸಕ್ಕರೆ ಸೇರಿದ ಅಣುಗಳು. ಅವುಗಳ ಬುಡದ ಲಿಪಿಡ್-ಎ ಭಾಗದಲ್ಲಿ ಫಾಸ್ಫೇಟ್ ಇದೆ, ಅದಕ್ಕೆ ಋಣ ವಿದ್ಯುತ್. ಋಣ ಪಕ್ಕ ಋಣ ಇದ್ದರೆ ಒಂದನ್ನೊಂದು ತಳ್ಳುತ್ತವೆ. ಅವುಗಳ ನಡುವೆ ಕೂತು ಹಿಡಿದಿಡುವುದು ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ. ಕೊಲಿಸ್ಟಿನ್ ಧನ ವಿದ್ಯುತ್ತಿನ ಅಣು. ಬಂದು ಈ ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಎಬ್ಬಿಸಿ ತಾನು ಅಲ್ಲಿ ಕೂರುತ್ತದೆ. ಆಮೇಲೆ ತನ್ನ ಕೊಬ್ಬಿನ ಬಾಲವನ್ನು ಪೊರೆಯೊಳಗೆ ತೂರಿಸುತ್ತದೆ. ಪೊರೆ ಸಡಿಲಾಗಿ ಒಡೆಯುತ್ತದೆ. ಸುತ್ತ ಕ್ಯಾಲ್ಸಿಯಂ ರಾಶಿ ಇದ್ದರೆ? ಒಂದನ್ನು ಎಬ್ಬಿಸಿದರೆ ಹತ್ತು ಬಂದು ಕೂರುತ್ತವೆ.

ನಮ್ಮೂರು ಗದಗ ಹತ್ತಿರ. ಅಲ್ಲಿ ಬೋರಿನ ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಅವ್ವ ಬೇಳೆಗೆ ಅಂತಲೇ ಕೆರೆಯಿಂದ ಒಂದು ಕೊಡ ಸಿಹಿ ನೀರು ತರುತ್ತಿದ್ದಳು. ಬೇಳೆಯ ಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್‌ಗೂ ಋಣ ವಿದ್ಯುತ್ತೇ, ಅದನ್ನು ಕಟ್ಟಿ ಗಟ್ಟಿ ಮಾಡುವುದೂ ಕ್ಯಾಲ್ಸಿಯಮ್ಮೇ. ಹುಟ್ಟಿದಾಗಿನಿಂದ ನೋಡಿದ್ದೆ. ಲ್ಯಾಬಿನಲ್ಲಿ ನೆನಪಾಗಲಿಲ್ಲ.

ಖಾತ್ರಿಗೆ ಅಂತ ಹುಬ್ಬಳ್ಳಿಯಿಂದ ಡಿಸ್ಟಿಲ್ಡ್ ನೀರಿನ ಕ್ಯಾನ್ ತಂದು ಬ್ರಾತ್ ಮಾಡಿದೆ. 27853 ಮತ್ತೆ 1 ಕೊಟ್ಟಿತು. ಅದೇ ಬ್ರಾತಿಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೋರಿನ ನೀರಿನ ಅಳತೆಗೆ ಸೇರಿಸಿದೆ. ಮತ್ತೆ 8. ಡಿಸ್ಟಿಲ್ಡ್ ನೀರಿನ ಬ್ರಾತಿನಲ್ಲಿ ಆ ಏಳು "ರೆಸಿಸ್ಟೆಂಟ್" ತಳಿಗಳಲ್ಲಿ ಒಂದೂ ನಿಲ್ಲಲಿಲ್ಲ.

ಸಾರಾಂಶ ವಾಪಸ್ ತೆಗೆದುಕೊಂಡೆ. ಸರ್ ಡಾಕ್ಟರಿಗೆ ಮತ್ತೆ ಫೋನ್ ಮಾಡಬೇಕಾಯಿತು. ಅವರು ಮಾತನಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಡಿಸರ್ಟೇಷನ್ ಮುಂದಿನ ವರ್ಷಕ್ಕೆ ಹೋಯಿತು, ಸಿಗಬೇಕಿದ್ದ ಪ್ರಾಜೆಕ್ಟ್ ಕೆಲಸ ಬೇರೆಯವರಿಗೆ ಹೋಯಿತು. ಅದೆಲ್ಲ ಈಗ ಮರೆತಿದೆ. ಆ ಎರಡು ವಾರದಲ್ಲಿ ಐಸಿಯುನಲ್ಲಿ ಯಾರಿಗಾದರೂ ನನ್ನ ಮಾತಿನಿಂದ ಕೊಲಿಸ್ಟಿನ್ ತಪ್ಪಿತಾ ಅನ್ನುವುದು ಮಾತ್ರ ಇವತ್ತಿಗೂ ಕಾಡುತ್ತದೆ.

ಪೇಪರ್ ಬರೆಯುವ ಮಾತಿಗೆ ಇದೇ ನನ್ನ ಉತ್ತರ. ನಿಮ್ಮ ಜನವರಿಯ ತಳಿ ಮೈನಸ್ 80ರಲ್ಲಿ ಮಲಗಿತ್ತು ಅಂತ ಬರೆದಿದ್ದೀರಿ. ಫ್ರೀಜರಿನಲ್ಲಿ ಮಲಗಿದ್ದು ಮೂರು ತಿಂಗಳಲ್ಲಿ ಹೇಗೆ ರೆಸಿಸ್ಟೆನ್ಸ್ ಬೆಳೆಸಿಕೊಳ್ಳುತ್ತದೆ? ಬದಲಾಗಿದ್ದು ಬ್ಯಾಕ್ಟೀರಿಯಾ ಅಂತ ನೀವು ಮೊದಲೇ ತೀರ್ಮಾನ ಮಾಡಿಕೊಂಡು ಪ್ರಶ್ನೆ ಕೇಳಿದ್ದೀರಿ. ಅದನ್ನೇ ನಾನು ಒಪ್ಪುವುದಿಲ್ಲ.

ಅಗರ್ ಜೆಲ್ಲಿಯ ಮೇಲೆ ಔಷಧದ ಡಿಸ್ಕ್ ಹಾಕಿ ನೋಡಲಾ ಅಂತಲೂ ಕೇಳಿದ್ದೀರಿ. ಬೇಡ. ಕೊಲಿಸ್ಟಿನ್ ದೊಡ್ಡ ಅಣು, ಅಗರಿನಲ್ಲಿ ಸರಿಯಾಗಿ ಹರಡುವುದಿಲ್ಲ. ನಾವು ಪ್ಲೇಟಿನ ಗುಳಿಗಳಲ್ಲಿ ಮಾಡುವ ಬ್ರಾತ್ ಮೈಕ್ರೊಡೈಲ್ಯೂಷನ್ನೇ ನಂಬುವ ದಾರಿ. ಪ್ಲಾಸ್ಟಿಕ್ಕಿಗೂ ಅದು ಅಂಟಿಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಒಂದೇ ಬಗೆಯ ಪ್ಲೇಟ್ ಬಳಸಿ.

ವಿಷಯ ಬಿಡುವ ಮಾತಂತೂ ಆಡಲೇಬೇಡಿ. ಕಿಣ್ವಗಳ ಮೇಲೆ ಕೆಲಸ ಮಾಡಿದರೆ ಸುಲಭ ಅಂತ ನಿಮಗೆ ಯಾರೋ ಹೇಳಿದ್ದಾರೆ. ಕಿಣ್ವವನ್ನು ತಡೆಯುವ ಔಷಧ ಟ್ಯೂಬಿನಲ್ಲಿ ಎಷ್ಟೇ ಚೆನ್ನಾಗಿರಲಿ, ಹೊರಪೊರೆ ದಾಟಿ ಒಳಗೆ ಹೋಗದಿದ್ದರೆ ಏನು ಪ್ರಯೋಜನ? ಗ್ರಾಂ-ನೆಗೆಟಿವ್‌ಗಳಲ್ಲಿ ಅರ್ಧ ಜಗಳ ಬಾಗಿಲಲ್ಲೇ ಇದೆ. 1983ರಲ್ಲಿ ಫಿನ್ಲೆಂಡಿನ ಮಾರ್ಟಿ ವಾರಾ ಮತ್ತು ಟಿಮೊ ವಾರಾ ಒಂದು ಕೆಲಸ ತೋರಿಸಿದರು. ಕೊಲಿಸ್ಟಿನ್ನಿನ ಹತ್ತಿರದ ಬಂಧು ಪಾಲಿಮಿಕ್ಸಿನ್-ಬಿ. ಅದರ ಕೊಬ್ಬಿನ ಬಾಲ ತೆಗೆದರೆ ಅದು ತಾನಾಗಿ ಕೊಲ್ಲುವುದಿಲ್ಲ, ಆದರೆ ಹೊರಪೊರೆಯನ್ನು ಸಡಿಲ ಮಾಡುತ್ತದೆ. ಆಗ ಸಾಮಾನ್ಯವಾಗಿ ಒಳಗೆ ಹೋಗಲಾರದ ರಿಫಾಂಪಿಸಿನ್ ಒಳಗೆ ಹೋಗುತ್ತದೆ. ಹಳೆಯ ಔಷಧಗಳಿಗೆ ಮತ್ತೆ ಜೀವ ಕೊಡುವ ದಾರಿ ಇದು. ಈಗ ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ದಿನವೂ ಕಲ್ಚರ್ ರಿಪೋರ್ಟ್ ಬರೆಯುತ್ತೇನೆ. ರೆಸಿಸ್ಟೆಂಟ್ ಅಂತ ಸಾಲುಸಾಲಾಗಿ 'ಆರ್' ಬರೆಯುವಾಗ ಈ ದಾರಿಯಲ್ಲಿ ಇನ್ನೂ ಎಷ್ಟು ಜನ ಬೇಕು ಅನ್ನಿಸುತ್ತದೆ. ನೀವು ಅಲ್ಲಿ ನಿಂತಿದ್ದೀರಿ. ಬಿಟ್ಟು ಹೋಗಬೇಡಿ.

ಸೋಮವಾರ ಹೊಸ ಡಿಸ್ಟಿಲ್ಡ್ ನೀರಿನ ಬ್ರಾತಿನಲ್ಲಿ ನಿಮ್ಮ ತಳಿಯನ್ನೂ 27853ನ್ನೂ ಒಂದೇ ಪ್ಲೇಟಿನಲ್ಲಿ ಹಾಕಿ. 27853 ತನ್ನ ಮಿತಿಯೊಳಗೆ ಇದ್ದು, ನಿಮ್ಮದು ಮೂರು ಸಲವೂ 8 ಕೊಟ್ಟರೆ ನನ್ನ ಮಾತು ತಪ್ಪು. ಕೊಲಿಸ್ಟಿನ್ ಕೂರದ ಹಾಗೆ ಲಿಪಿಡ್-ಎ ಬದಲಾಗಿದೆಯಾ ಅಂತ ಆಗ ನೋಡೋಣ. ನಿಮ್ಮ ಸರ್ ಅವತ್ತೇ ಆಸ್ಪತ್ರೆಗೆ ತಿಳಿಸಲಿ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ. 27853 ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.