‘ಅಕ್ಕ ನಿಂತ್ರೆ ಅವಿರೋಧ’

ಪ್ರಶ್ನೆ: ಸರ್, ನನಗೀಗ 42 ವರ್ಷ. ಊರು ಸಿರುಗುಪ್ಪ. ಮನೆಯವರದು ಗೊಬ್ಬರದ ಅಂಗಡಿ. ಮಗಳು ಪಿಯುಸಿಗೆ ಸೇರಿದ ಮೇಲೆ ನಾನೂ ಬಳ್ಳಾರಿಯಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ದಿನಾ ಬಸ್ಸಿನಲ್ಲಿ ಓಡಾಟ. ಈಗ ಕ್ಲಾಸಿಗೆ ಪ್ರತಿನಿಧಿ ಆರಿಸಬೇಕು. ಹಾಸ್ಟೆಲ್ ಹುಡುಗರದು ಒಂದು ಗುಂಪು, ಬಳ್ಳಾರಿಯವರದು ಇನ್ನೊಂದು. ಎರಡೂ ಕಡೆಯವರು ಬಂದು “ಅಕ್ಕ ನಿಂತ್ರೆ ಅವಿರೋಧ” ಅನ್ನುತ್ತಿದ್ದಾರೆ. ಹಿಂದಿನ ಬೆಂಚಿನಿಂದ “ಆಂಟಿಗ್ಯಾಕೆ ಎಲೆಕ್ಷನ್ನು” ಅನ್ನುವ ಮಾತೂ ಕಿವಿಗೆ ಬಿತ್ತು. ಮನೆಯವರು “ಮೊದ್ಲು ಪಾಸಾಗು” ಅಂತಾರೆ. ವಯಸ್ಸಿನ ಮಿತಿ ಬೇರೆ ಇದೆಯಂತೆ, ಹೌದಾ? ನಾನು ನಿಲ್ಲಬಹುದಾ?
– ಒಬ್ಬ ಓದುಗರು, ಸಿರುಗುಪ್ಪ

ಉತ್ತರ: ಮಿತಿ ಇರುವುದು ನಿಜ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ ಹೇಳಿದ್ದನ್ನು ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶ ಕೊಟ್ಟಿತು. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲಲು ಡಿಗ್ರಿ ಓದುವವರಿಗೆ 17ರಿಂದ 22, ಸ್ನಾತಕೋತ್ತರಕ್ಕೆ ಹೆಚ್ಚೆಂದರೆ 25, ಸಂಶೋಧನೆಗೆ 28 ವರ್ಷ. ಓಟು ಹಾಕುವವರಿಗೆ ಈ ಲೆಕ್ಕ ಇಲ್ಲ. ತಮಾಷೆ ನೋಡಿ, ಶಾಸಕರಾಗಲು ಸಂವಿಧಾನ ಕೇಳುವ ಕನಿಷ್ಠ ವಯಸ್ಸೂ 25. ವಿಧಾನಸಭೆಯ ಬಾಗಿಲು ತೆಗೆಯುವ ಹೊತ್ತಿಗೆ ಕ್ಯಾಂಪಸ್ಸಿನ ಬಾಗಿಲು ಮುಚ್ಚುತ್ತದೆ. ವರ್ಷಗಟ್ಟಲೆ ಹಾಸ್ಟೆಲ್ ಬಿಡದೆ ಎಲೆಕ್ಷನ್ನೇ ಕಸುಬು ಮಾಡಿಕೊಂಡವರನ್ನು ದೂರ ಇಡಲು ಇಂಥ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಮಗಳನ್ನು ಕಾಲೇಜಿಗೆ ಕಳಿಸಿ ತಾನೂ ಪುಸ್ತಕ ಹಿಡಿದ ಹೆಂಗಸು ನಿಯಮ ಬರೆದವರ ಕಣ್ಣಿಗೆ ಬಿದ್ದಂತಿಲ್ಲ.

ನಿಮ್ಮದು ಸಂಘದ ಚುನಾವಣೆ ಅಲ್ಲ, ಕ್ಲಾಸಿನದು. ನಮ್ಮ ರಾಜ್ಯದಲ್ಲಿ ಎಂಬತ್ತರ ದಶಕದ ಕೊನೆಯಿಂದ ಸಂಘಗಳ ನೇರ ಚುನಾವಣೆ ನಿಂತೇ ಹೋಗಿದೆ. ಕ್ಲಾಸ್ ಪ್ರತಿನಿಧಿಯನ್ನು ಆರಿಸುವ ರೀತಿ ಆಯಾ ವಿಭಾಗಕ್ಕೆ ಬಿಟ್ಟದ್ದು. ಒಂದು ಹಾಳೆಯಲ್ಲಿ ಬರೆದು ಮುಖ್ಯಸ್ಥರನ್ನು ಕೇಳಿ. ಬಾಯಿಮಾತಿನ “ಆಯ್ತು ಬಿಡಮ್ಮ” ನಾಳೆ ತಕರಾರು ಬಂದಾಗ ಕೆಲಸಕ್ಕೆ ಬರುವುದಿಲ್ಲ.

ಇನ್ನು ಆ ‘ಅವಿರೋಧ’. ನನಗೆ ಅನುಮಾನ ಇರುವುದು ಅಲ್ಲೇ. ಎರಡು ಗುಂಪಿನವರಿಗೂ ತಮ್ಮವರು ಗೆಲ್ಲುವ ಧೈರ್ಯ ಇಲ್ಲ. ಎದುರಿನವರು ಗೆಲ್ಲಬಾರದು ಅನ್ನುವ ಹಟ ಮಾತ್ರ ಇದೆ. ನಡುವೆ ಸಿಕ್ಕಿದವರು ನೀವು. ನಮ್ಮ ಹಳ್ಳಿಗಳ ಪಂಚಾಯಿತಿಯಲ್ಲಿ ಇದನ್ನು ನೋಡಿಲ್ವಾ? ಅರ್ಧ ಸೀಟು ಹೆಂಗಸರಿಗೆ ಮೀಸಲು. ಹೆಸರು ಸದಸ್ಯೆಯದು, ಸಹಿಯೂ ಅವರದೇ, ಮೀಟಿಂಗಿನಲ್ಲಿ ಮಾತಾಡುವವನು ಮಾತ್ರ ಗಂಡ. ನಿಮ್ಮ ಕ್ಲಾಸಿನ ಹುಡುಗರು ಇಂಥ ಊರುಗಳಿಂದಲೇ ಬಂದವರು. ಅಕ್ಕ ಸಹಿ ಹಾಕಲಿ, ತೀರ್ಮಾನ ನಾವು ಮಾಡೋಣ ಅನ್ನುವುದು ಅವರಿಗೆ ಸಹಜವಾಗಿ ಹೊಳೆದಿರುತ್ತದೆ. ಕೆಟ್ಟ ಹುಡುಗರು ಅಂತ ಹೇಳುತ್ತಿಲ್ಲ.

ಅದಕ್ಕೇ ಅವಿರೋಧ ಬೇಡ ಅನ್ನಿ. ಚೀಟಿ ಹಾಕಿಸಿ. ಖರ್ಚೇನೂ ಇಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಒಂದೇ ಅಳತೆಯ ಚೀಟಿ ಮಾಡಿ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ಯಾರದ್ದಾದರೂ ಖಾಲಿ ಟಿಫಿನ್ ಡಬ್ಬಿ ಸಾಕು, ಆದರೆ ಎಲ್ಲರ ಎದುರು ತೆರೆದು ತೋರಿಸಿ ಮುಚ್ಚಬೇಕು. ಬೋರ್ಡಿನ ಮೇಲೆ ಹೆಸರು ಬರೆದು, ನಾಲ್ಕು ಗೆರೆ ಉದ್ದ, ಐದನೆಯದು ಅಡ್ಡ ಎಳೆಯುತ್ತಾ ಎಣಿಸಲಿ. ಆ ಗೆರೆಗಳನ್ನು ಕ್ಲಾಸೆಲ್ಲ ನೋಡಿರುತ್ತದೆ. ನಾಳೆ ಯಾರಾದರೂ “ನಾವೇ ಕೂರಿಸಿದ್ದು” ಅಂದರೆ ಅದನ್ನು ನೆನಪಿಸಬಹುದು. ಚೀಟಿ ಅಂದ ಕೂಡಲೇ ಎರಡೂ ಗುಂಪು ಹಿಂದೆ ಸರಿದರೆ ಅದೂ ಒಳ್ಳೆಯದೇ. ಅವರಿಗೆ ಬೇಕಾಗಿದ್ದದ್ದು ಏನು ಅಂತ ಗೊತ್ತಾಗುತ್ತದೆ.

ಓಟು ಯಾರಲ್ಲಿ ಕೇಳುತ್ತೀರಿ? ಇದನ್ನು ಯೋಚಿಸಿ. ಇಂಥ ಮಾತುಕತೆ ನಡೆಯುವುದು ಸಂಜೆ ಕ್ಯಾಂಟೀನಿನಲ್ಲಿ, ಇಲ್ಲವೇ ರಾತ್ರಿ ಹಾಸ್ಟೆಲ್ಲಿನಲ್ಲಿ. ಆ ಹೊತ್ತಿಗೆ ನೀವು ಬಸ್ಸಿನಲ್ಲಿರುತ್ತೀರಿ. ನಿಮ್ಮ ಹಾಗೇ ಕುರುಗೋಡು, ಸಂಡೂರು, ಕಂಪ್ಲಿ ಕಡೆಯ ಹುಡುಗಿಯರೂ ಬಸ್ಸಿನಲ್ಲೇ ಇರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಬಸ್ಸು ತಡವಾದರೆ ಮಾತ್ರ ಮೊದಲ ಪೀರಿಯಡ್ ಹೋಯಿತು. ಹಾಗೆ ಹೋಗಿ ಹೋಗಿ ಹಾಜರಾತಿ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೇ ಕುತ್ತು. ಇದನ್ನು ಹಾಸ್ಟೆಲ್ ಗುಂಪೂ ಕೇಳುವುದಿಲ್ಲ, ಬಳ್ಳಾರಿ ಗುಂಪೂ ಕೇಳುವುದಿಲ್ಲ. ಅವರಿಗೆ ಬಸ್ಸೇ ಬೇಕಿಲ್ಲವಲ್ಲ! ಈ ಬಸ್ಸಿನ ಹುಡುಗಿಯರನ್ನು ಮೊದಲು ಮಾತಾಡಿಸಿ. ಯಾವ ಊರಿನ ಬಸ್ಸು ಎಷ್ಟಕ್ಕೆ ಬಂದು ಮುಟ್ಟುತ್ತದೆ ಅಂತ ಒಂದು ವಾರ ಬರೆದಿಡಲು ಹೇಳಿ. ಆ ಪಟ್ಟಿ ಹಿಡಿದು ಟೈಮ್‌ಟೇಬಲ್ ಬಗ್ಗೆ ಮಾತಾಡಿ, ವಿಭಾಗದವರು ಕೇಳಲೇಬೇಕಾಗುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ತಿಳಿಯದೆ ಒದ್ದಾಡುವವರಲ್ಲೂ ಇವರೇ ಜಾಸ್ತಿ ಇರುತ್ತಾರೆ.

ಹಾಗಾಗಿ ನಿಲ್ಲಿ, ತಂಗಿ. ಎರಡು ಗುಂಪಿಗೂ ಬೇಕಾದ ಅಕ್ಕ ಅಂತ ನಿಲ್ಲಬೇಡಿ, ಬಸ್ಸಿನವರ ಪರ ನಿಲ್ಲಿ. ಮೀಟಿಂಗ್ ಏನಿದ್ದರೂ ಮಧ್ಯಾಹ್ನ ಊಟದ ಬಿಡುವಿನಲ್ಲೇ ಅಂತ ಮೊದಲೇ ಷರತ್ತು ಹಾಕಿ.

ದುಡ್ಡಿನ ಮಾತು ಒಂದಿದೆ. ಅಂಗಡಿ ಇರುವ ಮನೆಯವರು ಅಂತ ಎಲ್ಲರಿಗೂ ಗೊತ್ತು. “ಅಕ್ಕ, ಒಗ್ಗರಣೆ ಮಿರ್ಚಿ ಕೊಡಿಸಿ” ಅಂತ ಶುರುವಾಗಿ ವೆಲ್‌ಕಮ್ ಪಾರ್ಟಿಯ ಶಾಮಿಯಾನಕ್ಕೆ ಬಂದು ನಿಲ್ಲುತ್ತದೆ. ನಾನು ಓದುವ ಕಾಲದಲ್ಲಿ ವಯಸ್ಸಾದವರನ್ನು ಕರೆದು ನಿಲ್ಲಿಸುತ್ತಿದ್ದದ್ದೇ ಅವರ ಜೇಬು ನೋಡಿ! ಎಲೆಕ್ಷನ್ ಮುಗಿಯುವ ತನಕ ಒಂದು ಚಹಾ ಕೂಡ ಕೊಡಿಸಬೇಡಿ. ಗೆದ್ದ ಮೇಲೆ ನಿಮ್ಮಿಷ್ಟ.

ಮನೆಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಪಾಸಾಗಲೇಬೇಕು. ‘ಆಂಟಿ’ ಅಂದವನ ಓಟನ್ನೂ ಕೇಳಿ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕ, ವಯಸ್ಸು 38. ರಜೆ ಹಾಕಿ ಪಿಎಚ್.ಡಿ. ಮಾಡುತ್ತಿದ್ದೇನೆ. ಸಂಶೋಧನಾ ವಿದ್ಯಾರ್ಥಿಗಳ ಸಂಘಕ್ಕೆ ಕಾರ್ಯದರ್ಶಿ ಆಗಿ ಅಂತ ಗೆಳೆಯರು ದುಂಬಾಲು ಬಿದ್ದಿದ್ದಾರೆ. ಆಗಬಹುದಾ?
– ಒಬ್ಬ ಶಿಕ್ಷಕರು

ಉತ್ತರ: ಚುನಾವಣೆ ಅಂತಾದರೆ ಮೇಲೆ ಹೇಳಿದ 28ರ ಮಿತಿ ನಿಮಗೂ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡದು ನೌಕರಿಯ ನಿಯಮ. ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ, ರಾಜಕೀಯ ಪಕ್ಷದ ಜೊತೆ ಸಂಬಂಧ ಇಟ್ಟುಕೊಳ್ಳುವಂತಿಲ್ಲ. ಫೆಲೋಶಿಪ್ ತಡವಾಗಿದೆ, ಗ್ರಂಥಾಲಯ ರಾತ್ರಿ ತೆರೆದಿರಲಿ ಅಂತ ಎಲ್ಲರ ಜೊತೆ ಮನವಿಗೆ ಸಹಿ ಹಾಕುವುದು ಬೇರೆ. ಸಂಘದ ಹಿಂದೆ ಯಾವುದೋ ಪಕ್ಷ ಇದ್ದು, ಅವರ ಶಾಲು ಹೊದ್ದ ನಿಮ್ಮ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದರೆ ನೋಟಿಸ್ ಬರುವುದು ನಿಮಗೆ, ಗೆಳೆಯರಿಗಲ್ಲ. ಬ್ಯಾನರಿನ ಖರ್ಚು ಯಾರದು ಅಂತ ಮೊದಲು ಕೇಳಿ. ಸಂಘದ ಪತ್ರಗಳನ್ನು ಬರೆದುಕೊಡಿ, ಆ ಕೆಲಸ ಶಿಕ್ಷಕರಿಗೆ ಚೆನ್ನಾಗಿ ಬರುತ್ತದೆ. ಕಾರ್ಯದರ್ಶಿಯ ಜಾಗದಲ್ಲಿ ಸಹಿ ಬೇರೆಯವರು ಹಾಕಲಿ.