ಬೆಂಡ್ ಆದ ಅಲಾಯ್ ಚಕ್ರವನ್ನು ಹಿಂದಕ್ಕೆ ಹಾಕಿಕೊಂಡು ಗೋಕರ್ಣಕ್ಕೆ ಹೋಗಿಬರಬಹುದಾ?

ಹಿಂದಕ್ಕೆ ಮಾತ್ರ ಹಾಕಿಸಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ನಿಮ್ಮ ಕಾರು ಗುಂಡಿಗೆ ಬಿದ್ದು ಮುಂದಿನ ಎಡ ಅಲಾಯ್ ಚಕ್ರ (ಅಲ್ಯೂಮಿನಿಯಂ ಮಿಶ್ರಲೋಹದ್ದು) ಬೆಂಡ್. ಶನಿವಾರ ಹೊರಡಬೇಕು. ಟೈರ್ ಅಂಗಡಿಯವರು "ಹಿಂದಕ್ಕೆ ಹಾಕಿ ಕೊಡ್ತೀವಿ, ಹೋಗಿ ಬಂದ ಮೇಲೆ ನೋಡೋಣ" ಅಂದಿದ್ದಾರೆ. ನೀವು ರಿಪೇರಿಯೋ ಹೊಸದೋ ಅಂತ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಓದಿ ನನಗೆ ನಗುವೂ ಬಂತು, ಹೊಟ್ಟೆ ತೊಳಸಿದ ಹಾಗೂ ಆಯಿತು. 2019ರ ನವೆಂಬರ್‌ನಲ್ಲಿ ನನಗೂ ಇದೇ ಮಾತು ಹೇಳಿದ್ದರು.

ಪುತ್ತೂರಿನಲ್ಲಿ ನನ್ನ ತಮ್ಮನ ಮದುವೆ. ಇನ್ನು ಆರು ದಿನ ಇದೆ ಅನ್ನುವಾಗ ಬೆಂಗಳೂರಿನ ಗೊರಗುಂಟೆಪಾಳ್ಯದ ಹತ್ತಿರ ರಾತ್ರಿ ಮಳೆಯಲ್ಲಿ ನೀರು ತುಂಬಿದ ಗುಂಡಿಗೆ ಕಾರು ಇಳಿಸಿದೆ. ಟಪ್ ಅಂತ ಒಂದು ಸದ್ದು. ನನ್ನದು 15 ಇಂಚಿನ ಅಲಾಯ್ ಇದ್ದ ಹಳೆಯ ಹ್ಯಾಚ್‌ಬ್ಯಾಕ್. ಬೆಳಿಗ್ಗೆ ನೋಡಿದರೆ ಹೊರಗಡೆ ಏನೂ ಕಾಣಲಿಲ್ಲ, ಅಂಚಿನಲ್ಲಿ ಉಗುರಿನಷ್ಟು ಉಜ್ಜಿದ ಗುರುತು ಅಷ್ಟೇ. ಆದರೆ ತುಮಕೂರು ರಸ್ತೆಯಲ್ಲಿ 80 ದಾಟಿದ ತಕ್ಷಣ ಸ್ಟೀರಿಂಗ್ ಗಡಗಡ ನಡುಗಲು ಶುರು.

ಅಂಗಡಿಗೆ ಹೋದೆ. ಮೆಷಿನ್‌ಗೆ ಹಾಕಿ ತಿರುಗಿಸಿದರು. "ಸ್ವಲ್ಪ ಬೆಂಡ್ ಇದೆ ಮೇಡಂ, ಬ್ಯಾಲೆನ್ಸ್ ಮಾಡಿ ಹಿಂದಕ್ಕೆ ಹಾಕ್ತೀನಿ, ಗೊತ್ತೇ ಆಗಲ್ಲ" ಅಂದರು. ರಿಮ್‌ನ ಒಳಗೆ ವೇಟ್‌ಗಳನ್ನು ಸಾಲಾಗಿ ಅಂಟಿಸಿದರು. ಬೇರೆ ಚಕ್ರಕ್ಕೆ ಎರಡು ತುಂಡು ಸಾಕಾದರೆ ಇದಕ್ಕೆ ಏಳೆಂಟು. ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಹೊರಗೆ ಬಂದು 100ರಲ್ಲಿ ಓಡಿಸಿ ನೋಡಿದೆ. ಸ್ಟೀರಿಂಗ್ ಬೆಣ್ಣೆ. 400 ರೂಪಾಯಿಯಲ್ಲಿ ಕೆಲಸ ಮುಗಿಯಿತು ಅಂತ ಖುಷಿಪಟ್ಟೆ.

ಇದೇ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನ ಇಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಸ್ಟೀರಿಂಗ್ ಕಟ್ಟಿರುವುದು ಮುಂದಿನ ಎರಡು ಚಕ್ರಕ್ಕೆ. ಮುಂದೆ ಏನು ಕುಲುಕಿದರೂ ನೇರ ಕೈಗೆ ಬರುತ್ತದೆ. ಅದೇ ಚಕ್ರ ಹಿಂದಕ್ಕೆ ಹೋದರೆ ಕುಲುಕಾಟ ನಿಲ್ಲುವುದಿಲ್ಲ, ನಮ್ಮ ಕೈಗೆ ಬರುವುದು ನಿಲ್ಲುತ್ತದೆ. ಅಂದರೆ ನಾನು ದುಡ್ಡು ಕೊಟ್ಟು ರಿಪೇರಿ ಮಾಡಿಸಲಿಲ್ಲ, ದೂರು ಹೇಳುತ್ತಿದ್ದವನ ಬಾಯಿ ಮುಚ್ಚಿಸಿದೆ. ಬ್ಯಾಲೆನ್ಸಿಂಗ್ ಕಥೆಯೂ ಅಷ್ಟೇ. ಅದು ತೂಕದ ಲೆಕ್ಕ. ಒಂದು ಕಡೆ ಭಾರ ಜಾಸ್ತಿ ಇದ್ದರೆ ಎದುರು ಕಡೆ ವೇಟ್ ಅಂಟಿಸಿ ಸರಿದೂಗಿಸುತ್ತಾರೆ. ರಿಮ್ ಸೊಟ್ಟಗಿದ್ದರೆ ಸೊಟ್ಟಗೇ ಇರುತ್ತದೆ. ಮೆಷಿನ್ ಸೊನ್ನೆ ತೋರಿಸಿತು ಅಂದರೆ ರಿಮ್ ದುಂಡಗಿದೆ ಅಂತಲ್ಲ.

ಅದಕ್ಕಿಂತ ದೊಡ್ಡದು ಗಾಳಿಯ ವಿಷಯ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಹಿಡಿದಿಡುವುದು ರಬ್ಬರ್ ಒಂದೇ ಅಲ್ಲ. ಟೈರಿನ ಒಳ ಅಂಚು, ಬೀಡ್ ಅಂತಾರಲ್ಲ, ಅದು ರಿಮ್ಮಿಗೆ ಸುತ್ತಲೂ ಬಿಗಿಯಾಗಿ ಕೂತರೆ ಮಾತ್ರ ಗಾಳಿ ನಿಲ್ಲುತ್ತದೆ. ರಿಮ್ ಎಲ್ಲಿ ಬಗ್ಗಿದೆಯೋ ಅಲ್ಲಿ ಗಾಳಿ ನಿಧಾನಕ್ಕೆ ಸೋರಬಹುದು. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ. ಮಡಚಿದಷ್ಟೂ ಬಿಸಿ. ಬಿಸಿಯಾದಷ್ಟೂ ಒಳಗಿನ ನೂಲು ಸಾಯುತ್ತದೆ. ಕಾರಿನಲ್ಲಿ ಸಾಮಾನು ತುಂಬಿದ್ದರೆ, ಆ ಭಾರವೂ ಹಿಂದಿನ ಚಕ್ರದ ಮೇಲೇ.

ನಮ್ಮವರು ಮದುವೆ ಕೆಲಸಕ್ಕೆ ಅಂತ ಎರಡು ದಿನ ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ಕಾರಿನಲ್ಲಿ ನಾನು, ಮಗ, ಹಿಂದಿನ ಸೀಟಿನ ಎಡಗಡೆ ನಮ್ಮ ಅತ್ತೆ. ಡಿಕ್ಕಿಯಲ್ಲಿ ಸೀರೆ, ಬೆಳ್ಳಿ ಸಾಮಾನು, ಕೆ.ಆರ್. ಮಾರ್ಕೆಟ್ಟಿನಿಂದ ತಂದ ಎರಡು ಮೂಟೆ ಸೇವಂತಿಗೆ. ಮಲ್ಲಿಗೆ ಬೆಳೆಯುವ ಸೀಮೆಗೆ ಹೂವು ಹೊತ್ತುಕೊಂಡು ಹೋಗುವುದಾ ಅಂತ ನಾನು ಕೇಳಿದ್ದೆ, ಅತ್ತೆ ಕೇಳಲಿಲ್ಲ. ಇರಲಿ.

ಮಧ್ಯಾಹ್ನ ಮೂರಕ್ಕೆ ಹೊರಟೆವು. ಕುಣಿಗಲ್ ದಾಟಿದ ಮೇಲೆ ಅತ್ತೆ ಕೇಳಿದರು, "ಏನೇ ಇದು, ಕೆಳಗೆ ರಾಗಿಕಲ್ಲು ಬೀಸಿದ ಹಾಗೆ ಸದ್ದು?" ರಸ್ತೆ ಹಾಗಿದೆ ಅತ್ತೆ ಅಂದೆ. ಬೆಳ್ಳೂರು ಕ್ರಾಸ್‌ನಲ್ಲಿ ಕಾಫಿಗೆ ನಿಲ್ಲಿಸಿದಾಗ ಬಂಕ್‌ನಲ್ಲಿ ಗಾಳಿ ನೋಡಿಸಿದೆ. ಮೂರು ಚಕ್ರದಲ್ಲಿ 33, ಹಿಂದಿನ ಎಡದಲ್ಲಿ 24. ತುಂಬಿಸಿದೆ. ಹಾಸನದಲ್ಲಿ ಮತ್ತೆ ನೋಡಿಸಿದೆ, ಮತ್ತೆ 25. ಮತ್ತೆ ತುಂಬಿಸಿದೆ. ಎರಡು ಸಲ ನಿಲ್ಲಿಸಿ ಗಾಳಿ ನೋಡಿಸಿದ್ದಕ್ಕೆ ನಾನು ಬಹಳ ಜಾಗ್ರತೆಯವಳು ಅಂತ ನನಗೇ ಅನ್ನಿಸಿತ್ತು. ಒಂದೇ ಚಕ್ರ ಎರಡು ಸಲ ಗಾಳಿ ಬಿಟ್ಟಿದೆ ಅಂದರೆ ಮುಂದಕ್ಕೆ ಹೋಗಬಾರದು ಅನ್ನುವುದು ಹೊಳೆಯಲಿಲ್ಲ. ಸಕಲೇಶಪುರದಲ್ಲಿ ಹೊತ್ತಾಯಿತು ಅಂತ ನಿಲ್ಲಿಸಲೂ ಇಲ್ಲ.

ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ರಾತ್ರಿ ಒಂಬತ್ತರ ಹತ್ತಿರ. ವೇಗ 40 ಇದ್ದಿರಬಹುದು. ಒಂದು ಬಲ ತಿರುವಿನಲ್ಲಿ ಕಾರಿನ ಹಿಂಭಾಗ ತನ್ನಷ್ಟಕ್ಕೆ ತಾನೇ ಎಡಕ್ಕೆ ಸರಿಯಿತು. ನಾನು ಸ್ಟೀರಿಂಗ್ ತಿರುಗಿಸಿದ್ದು ಒಂದು ಕಡೆ, ಕಾರು ನೋಡುತ್ತಿದ್ದುದು ಇನ್ನೊಂದು ಕಡೆ. ಎದುರಿನಿಂದ ಮಂಗಳೂರು ಕಡೆಯ ಗ್ಯಾಸ್ ಟ್ಯಾಂಕರ್ ಹತ್ತಿ ಬರುತ್ತಿತ್ತು. ಅದರ ಹಾರನ್ ಇವತ್ತಿಗೂ ಕಿವಿಯಲ್ಲಿದೆ. ಹೇಗೋ ನಿಂತಿತು. ಅತ್ತೆ ಮಾತಾಡಲಿಲ್ಲ, ಮಗನ ತಲೆಯನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದರು.

ಮುಂದಿನ ಟೈರ್ ಹೋದರೆ ಕಾರು ತಿರುಗದೆ ನೆಟ್ಟಗೆ ನುಗ್ಗುತ್ತದೆ, ವೇಗ ಇಳಿಸಿದರೆ ಹೆಚ್ಚಾಗಿ ಕೈಗೆ ಸಿಗುತ್ತದೆ. ಹಿಂದಿನದು ಹೋದರೆ ಬಾಲ ತಿರುಗಿ ಮುಂದಕ್ಕೆ ಬರಲು ನೋಡುತ್ತದೆ. ಅದಕ್ಕೇ ಎರಡೇ ಹೊಸ ಟೈರ್ ಕೊಂಡರೆ ಹಿಂದಕ್ಕೆ ಹಾಕಿಸಿ ಅಂತ ಟೈರ್ ಕಂಪನಿಗಳೇ ಹೇಳುವುದು. ನಮ್ಮ ಅಂಗಡಿಗಳಲ್ಲಿ ಉಲ್ಟಾ, ಸವೆದದ್ದು, ಸೊಟ್ಟಗಾದದ್ದು ಎಲ್ಲ ಹಿಂದಕ್ಕೆ. ಹಿಂದಿನ ಚಕ್ರ ಅಂದರೆ ಏನೋ ಹಿತ್ತಲು ಅನ್ನುವ ಹಾಗೆ.

ಟಾರ್ಚ್ ಇದ್ದುದು ಫೋನಿನಲ್ಲಿ. ಕೆಂಪು ತ್ರಿಕೋನ ಸೇವಂತಿಗೆ ಮೂಟೆಯ ಅಡಿಯಲ್ಲಿ. ಸ್ಟೆಪ್ನಿ ಅದಕ್ಕೂ ಅಡಿಯಲ್ಲಿ. ಹಿಂದಿನಿಂದ ಬಂದ ಒಂದು ಲಾರಿ ನಿಂತಿತು. ಡ್ರೈವರ್ ಇಳಿದವರೇ ಏನೂ ಕೇಳದೆ ಪಕ್ಕದ ಪೊದೆಯಿಂದ ಸೊಪ್ಪಿನ ಕೊಂಬೆ ಮುರಿದು ಹಿಂದಿನ ತಿರುವಿನ ತನಕ ರಸ್ತೆಯಲ್ಲಿ ಹಾಕಿ ಬಂದರು. ಆಮೇಲೆ ಸಾಮಾನೆಲ್ಲ ಇಳಿಸಿ ಸ್ಟೆಪ್ನಿ ತೆಗೆದರು. ಅದರಲ್ಲಿ ಗಾಳಿಯೇ ಇಲ್ಲ. ಎರಡು ವರ್ಷದಿಂದ ನಾನು ಮುಟ್ಟಿರಲಿಲ್ಲ. ಅವರು ಲಾರಿಯ ಏರ್ ಟ್ಯಾಂಕಿಗೆ ಒಂದು ಪೈಪ್ ಸಿಕ್ಕಿಸಿ ಅದಕ್ಕೆ ಗಾಳಿ ತುಂಬಿಸಿದರು. ಲಾರಿಯ ಬ್ರೇಕ್ ಗಾಳಿಯಿಂದ ಅದು ಸಾಧ್ಯ ಅಂತ ನನಗೆ ಅವತ್ತೇ ಗೊತ್ತಾದದ್ದು.

ಬಿಚ್ಚಿದ ಅಲಾಯ್ ಅನ್ನು ಮಗುಚಿ ಟಾರ್ಚ್ ಹಿಡಿದು ತೋರಿಸಿದರು. ಒಳಗಿನ ಅಂಚಿನಲ್ಲಿ, ಸಾಲಾಗಿ ಅಂಟಿಸಿದ್ದ ವೇಟ್‌ಗಳ ಎದುರಿಗೆ, ಅಂಗೈ ಅಗಲ ಒಳಕ್ಕೆ ಬಗ್ಗಿತ್ತು. ಅದರ ನಡುವಿನಿಂದ ಬೆರಳುದ್ದದ ಬಿರುಕು. "ಅಕ್ಕಾ, ಇದು ಇವತ್ತಿಂದಲ್ಲ. ಮುಂದೆ ಇದ್ದಾಗ ಅದುರ್ಲಿಲ್ವಾ?" ಅಂದರು. ಅದುರಿತ್ತು, ಹಿಂದಕ್ಕೆ ಹಾಕಿಸಿದೆ ಅಂದೆ. ಅವರು ನನ್ನ ಮುಖ ನೋಡಿ ಸುಮ್ಮನಾದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಹೊರಡುವ ಮುಂಚೆ ಒಂದೊಂದು ಕೊಂಬೆಯನ್ನೂ ವಾಪಸ್ ಎತ್ತಿಸಿದರು. ದುಡ್ಡು ತಗೊಳ್ಳಲಿಲ್ಲ. ಅತ್ತೆ ಒಂದು ಮೊರದಷ್ಟು ಸೇವಂತಿಗೆ ಕೊಟ್ಟರು, ಅದನ್ನು ಲಾರಿಯ ದೇವರ ಪಟಕ್ಕೆ ಹಾಕಿಕೊಂಡರು.

ಪುತ್ತೂರು ಮುಟ್ಟಿದಾಗ ಒಂದೂವರೆ. ಮದರಂಗಿ ಮುಗಿದು ಎಲ್ಲರೂ ಮಲಗಿದ್ದರು. ಒಬ್ಬನೇ ತಮ್ಮ, ಅವನ ಮದರಂಗಿಯ ಒಂದು ಫೋಟೋದಲ್ಲೂ ನಾನಿಲ್ಲ. ಟೈರ್, ರಿಮ್ ಸೇರಿ ಆಮೇಲೆ ಬಿದ್ದ 12,000ಕ್ಕಿಂತ ನನಗೆ ಅದೇ ಜಾಸ್ತಿ ಚುಚ್ಚುವುದು.

ಈಗ ನಿಮ್ಮ ಪ್ರಶ್ನೆ. ರಿಪೇರಿಯೋ ಹೊಸದೋ ಅಂತ ಕೇಳಿದ್ದೀರಿ. ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಚಕ್ರ ಬಿಚ್ಚಿಸಿ ಒಳಗಡೆ ನೋಡಿದ್ದೀರಾ? ಗುಂಡಿಯ ಏಟು ಎಷ್ಟೋ ಸಲ ಹೊರಗಿನ ಅಂಚಿಗಿಂತ ಒಳಗಿನ ಅಂಚಿಗೇ ಜಾಸ್ತಿ ಬೀಳುತ್ತದೆ, ಅದು ನಿಂತ ಕಾರಿನಲ್ಲಿ ಕಾಣುವುದಿಲ್ಲ. ಬಿಚ್ಚಿಸಿ, ಕೆಸರು ತೊಳೆಸಿ, ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಎರಡೂ ಕಡೆ ನೋಡಿಸಿ. ಗುಳ್ಳೆ ಟೈರಿನಿಂದ ಬರುತ್ತಿದೆಯೋ ಅಂಚಿನಿಂದ ಬರುತ್ತಿದೆಯೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೆಷಿನ್ ಮೇಲೆ ವೇಟ್ ಎಲ್ಲ ಕಿತ್ತು ತಿರುಗಿಸಿಸಿ. ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಅಲುಗಾಡದಂತೆ ಹಿಡಿದರೆ ಸಾಕು, ಅಂಚು ಹತ್ತಿರ ದೂರ ಆಗುವುದು ಕಣ್ಣಿಗೇ ಕಾಣುತ್ತದೆ. ಟೈರಿನ ಪಕ್ಕದಲ್ಲಿ ಕೈಯಾಡಿಸಿ. ಉಬ್ಬು ಸಿಕ್ಕಿದರೆ ಒಳಗಿನ ನೂಲು ಹರಿದಿದೆ, ಆ ಟೈರ್ ಮುಗಿಯಿತು. ಎಷ್ಟೇ ಹೊಸದಿರಲಿ.

ಬಿರುಕು ಕಂಡರೆ ವೆಲ್ಡಿಂಗ್‌ಗೆ ಒಪ್ಪಬೇಡಿ. ಮಾಡುವವರು ಇದ್ದಾರೆ, ಮೇಲೆ ಬಣ್ಣ ಹೊಡೆದು ಹೊಸದರಂತೆ ಕೊಡುತ್ತಾರೆ. ಆದರೆ ಅಲಾಯ್‌ಗೆ ಗಟ್ಟಿತನ ಬರುವುದು ಫ್ಯಾಕ್ಟರಿಯಲ್ಲಿ ಲೆಕ್ಕ ಹಾಕಿ ಬಿಸಿ ಮಾಡಿ ತಣಿಸುವುದರಿಂದ. ವೆಲ್ಡಿಂಗ್‌ನ ಬಿಸಿಗೆ ಅಕ್ಕಪಕ್ಕದ ಲೋಹ ಆ ಗಟ್ಟಿತನ ಕಳೆದುಕೊಳ್ಳುತ್ತದೆ. ಬರೀ ಸಣ್ಣ ಬೆಂಡ್ ಆದರೆ ಪ್ರೆಸ್ ಹಾಕಿ ತೆಗೆಸಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶುಕ್ರವಾರ ಸಂಜೆ ತೆಗೆಸಿ ಶನಿವಾರ ಬೆಳಿಗ್ಗೆ ಹೊರಡಬೇಡಿ. ಮನೆ ಸುತ್ತಮುತ್ತ ನಾಲ್ಕು ದಿನ ಓಡಿಸಿ, ಗಾಳಿ ಇಳಿಯುತ್ತಾ ನೋಡಿ, ಆಮೇಲೆ ಘಾಟಿ. ಗೋಕರ್ಣಕ್ಕೆ ಹೊನ್ನಾವರದ ಕಡೆಯಿಂದ ಹೋದರೂ ಯಲ್ಲಾಪುರದ ಕಡೆಯಿಂದ ಹೋದರೂ ಘಾಟಿ ಇಳಿಯಲೇಬೇಕಲ್ವಾ?

ಮೂರೇ ದಿನ ಇದ್ದರೆ ನಾನು ಮಾಡುವುದು ಒಂದೇ, ಸ್ಟೀಲ್ ರಿಮ್. ನಿಮ್ಮ ಕಾರಿನದೇ ಕೆಳಗಿನ ಮಾಡೆಲ್‌ಗೆ ಕಂಪನಿ ಕೊಡುವ ಸ್ಟೀಲ್ ರಿಮ್ ನಿಮ್ಮ ಟೈರಿನ ಅಳತೆಗೇ ಬರುತ್ತದಾ ಅಂತ ಕೇಳಿ. ಬಂದರೆ ಅದನ್ನೇ ಹಾಕಿಸಿ. ಅಲಾಯ್‌ಗಿಂತ ಬಹಳ ಅಗ್ಗ. ಚಂದ ಇಲ್ಲ, ನಿಜ. ಸ್ಟೀಲ್ ಏಟು ಬಿದ್ದರೆ ಬಗ್ಗುತ್ತದೆ, ಅಷ್ಟು ಸುಲಭಕ್ಕೆ ಸೀಳುವುದಿಲ್ಲ. ನಾನಂತೂ ಆಮೇಲೆ ನಾಲ್ಕೂ ಸ್ಟೀಲ್‌ಗೆ ಬದಲಾಯಿಸಿದೆ. ನಮ್ಮ ರಸ್ತೆಗೆ ಅಲಾಯ್ ಅನ್ನುವುದೇ ಶೋಕಿ ಅಂತ ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ, ನಮ್ಮವರೂ ಸೇರಿ. ಒಂದು ಎಚ್ಚರ: ಕೆಲವು ಕಾರುಗಳಲ್ಲಿ ಅಲಾಯ್‌ನ ನಟ್ಟೇ ಬೇರೆ, ಸ್ಟೀಲ್‌ನ ನಟ್ಟೇ ಬೇರೆ, ಕೇಳಿ ಹಾಕಿಸಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ನೋಡಿಸಿ. ಜೆ.ಸಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಅಲಾಯ್ ಹುಡುಕುವ ಯೋಚನೆ ಇದ್ದರೆ, ಹೊಸ ಬಣ್ಣ ಹೊಡೆದದ್ದನ್ನು ಮುಟ್ಟಬೇಡಿ. ಗೀರು ಇರುವುದೇ ವಾಸಿ, ಅದರಲ್ಲಿ ಏನಿದೆಯೋ ಅದು ಕಾಣುತ್ತದೆ.

ಸ್ಟೆಪ್ನಿ ಹಾಕಿಕೊಂಡೇ ಹೋಗಿಬರುತ್ತೇನೆ ಅಂತಲೂ ಬರೆದಿದ್ದೀರಿ. ಅದರ ಮೇಲೆ ವೇಗ 80 ದಾಟಬಾರದು ಅನ್ನುವ ಸ್ಟಿಕ್ಕರ್ ಇದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಕಿರಿದು. ಅದು ಪಂಕ್ಚರ್ ಅಂಗಡಿ ಮುಟ್ಟಿಸುವುದಕ್ಕೆ ಕೊಟ್ಟದ್ದು, ಸಮುದ್ರ ತೋರಿಸುವುದಕ್ಕಲ್ಲ. (ಸ್ಟೆಪ್ನಿ ಅನ್ನುವ ಹೆಸರು ಬಂದದ್ದು ಬ್ರಿಟನ್ನಿನ ವೇಲ್ಸ್‌ನ ಒಂದು ಬೀದಿಯಿಂದ. 1904ರಲ್ಲಿ ಅಲ್ಲಿನ ಸ್ಟೆಪ್ನಿ ಬೀದಿಯ ಇಬ್ಬರು ಅಣ್ಣತಮ್ಮಂದಿರು ಇಂಥ ಬದಲಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಅದೂ ಹೇಗೋ ಮನೆ ಮುಟ್ಟಲಿ ಅಂತಲೇ ಮಾಡಿದ್ದು.) ಹೊಸ ಕಾರುಗಳಲ್ಲಿ ಸ್ಟೆಪ್ನಿ ಇಲ್ಲದೆಯೂ ಇರಬಹುದು. 2020ರಲ್ಲಿ ನಿಯಮ ಬದಲಾದ ಮೇಲೆ ಪಂಕ್ಚರ್ ಕಿಟ್ ಮತ್ತು ಗಾಳಿ ಒತ್ತಡ ತೋರಿಸುವ ವ್ಯವಸ್ಥೆ ಇರುವ ಟ್ಯೂಬ್‌ಲೆಸ್ ಕಾರುಗಳಿಗೆ ಅದು ಕಡ್ಡಾಯ ಅಲ್ಲ. ಆ ಕಿಟ್ಟಿನ ಅಂಟು ಮೊಳೆ ಚುಚ್ಚಿದ ತೂತಿಗೆ ಸರಿ. ಬಿರುಕು ಬಿಟ್ಟ ರಿಮ್ಮಿಗೆ ಅದರಿಂದ ಏನೂ ಆಗುವುದಿಲ್ಲ.

ರಿಮ್ ಸಿಗಲಿಲ್ಲ ಅಂದರೆ ಬಸ್ಸಿನಲ್ಲಿ ಹೋಗಿ. "ಹೊರಡಲೇಬೇಕು" ಅಂತ ಬರೆದಿದ್ದೀರಿ, ಕಾರಿನಲ್ಲೇ ಹೊರಡಬೇಕು ಅಂತ ಎಲ್ಲೂ ಇಲ್ಲ. ನಮ್ಮವರು ಬಸ್ಸಿನಲ್ಲಿ ಹೋಗಿ ಮದರಂಗಿಯ ಎಲ್ಲಾ ಫೋಟೋದಲ್ಲೂ ಇದ್ದಾರೆ.

ನೀವು ಹಾಕಿರುವ ಫೋಟೋ ಚಕ್ರದ ಹೊರಗಿನದು, ಅದರಿಂದ ಏನೂ ಹೇಳಲು ಆಗುವುದಿಲ್ಲ. ನಾಳೆ ಬಿಚ್ಚಿಸಿದ ಮೇಲೆ ಒಳಗಿನ ಅಂಚಿನ ಫೋಟೋ ಹಾಕಿ, ಸುತ್ತಲೂ, ಹಗಲು ಬೆಳಕಿನಲ್ಲಿ. ವೇಟ್ ಅಂಟಿಸುವುದಕ್ಕೆ ಮುಂಚೆ.